ಸಂಬಳ ಎಷ್ಟೆಂದು ಕೇಳಿದರೆ

ಸೆಪ್ಟೆಂಬರ್ 8, 2025, ಸೋಮವಾರ

ಮಧುಗಿರಿ ಕೋರ್ಟಿನ ಇತಿಹಾಸದಲ್ಲಿ ಇಂಥ ದಿನ ಬಂದಿರಲಿಲ್ಲ. ಹಾಗೆಂದು ನಾನು ಪ್ರತಿ ಸೋಮವಾರವೂ ಬರೆಯುತ್ತೇನೆ. ಇವತ್ತು ಮಾತ್ರ ಅದು ನಿಜ.

ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ನೂರು ಜನ. (ಸರಿ, ಒಂಬತ್ತು.) ಅವರಲ್ಲಿ ಒಬ್ಬಳು ವೈ.ಎನ್.ಹೊಸಕೋಟೆಯಿಂದ ಮೊದಲ ಬಸ್ಸಿಗೆ ಬಂದ ಹಳೇ ಪಾರ್ಟಿ. 2021ರ ಟಿಪ್ಪರ್ ಆಕ್ಸಿಡೆಂಟು, ಗಾಯಾಳು ಭೀಮರಾಜು, ಎಡಭುಜದ ಮೂಳೆ ಮುರಿತ. ನನಗೆ ಮುಖ ನೆನಪಿರುವುದಿಲ್ಲ, ಮೂಳೆ ನೆನಪಿರುತ್ತದೆ. ಇವಳು ಆ ಮೂಳೆಯ ಹೆಂಡತಿ, ಅನುಷಾ.

"ಏನಮ್ಮಾ, ಇನ್ನೊಂದು ಭುಜವೂ ಹೋಯ್ತಾ?" ಎಂದೆ. ವಕೀಲರ ಗುಮಾಸ್ತನಾಗಿ ಇಪ್ಪತ್ತಾರು ವರ್ಷ ಅಪಘಾತ ಪರಿಹಾರದ ಅರ್ಜಿಗಳನ್ನೇ ಬರೆದವನ ಹಾಸ್ಯ ಇಷ್ಟೇ.

ಅವಳು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ವಿಡಿಯೋ. ಕುರ್ಚಿಯ ಮೇಲೆ ಭೀಮರಾಜು. ಮೈಮೇಲೆ ಸೈನಿಕರ ಅಂಗಿ, ಹಣೆಗೆ ಬ್ಯಾಂಡೇಜು, ಹಿಂದೆ ಸುಣ್ಣ ಕಾಣದ ಗೋಡೆ. ಮುಖ ತೋರಿಸದ ಯಾರೋ ಹರಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದಾನೆ. ಹೆಸರು? ದೇಶ? ಇವನು ತಲೆ ತಗ್ಗಿಸಿಕೊಂಡೇ ಹೇಳುತ್ತಾನೆ. ಸ್ಯಾಲರಿ? ಆಗ ನೋಡಿ, ಭೀಮರಾಜು ಬೆನ್ನು ನೇರ ಮಾಡಿದ, ಕೇಳಿದವನ ಕಣ್ಣು ನೋಡಿದ, "ತ್ರೀ ಲ್ಯಾಕ್ಸ್ ಪರ್ ಮಂತ್ ಸಾರ್" ಎಂದ.

ಕಾಫಿ ಲೋಟ ನನ್ನ ಕೈಯಲ್ಲೇ ಆರಿತು.

"ರೋಡ್ ಕೆಲ್ಸ, ಜೆಸಿಬಿ ಓಡ್ಸಾಕೆ ಅಂತ ಏಜೆಂಟು ಕರ್ಕಂಡೋದ ಸಾರ್. ಅಲ್ಲೋದ್ಮ್ಯಾಲೆ ಮಿಲ್ಟ್ರಿ ಡ್ರೆಸ್ ಕೊಟ್ಬುಟ್ಟವ್ರೆ. ಯುದ್ದದ ತಾವ ಗುಂಡಿ ತೋಡ್ಸವ್ರೆ. ಎರಡೇ ತಿಂಗ್ಳು. ಈಗ ಆ ಕಡೆಯೋರು ಹಿಡ್ಕಂಡವ್ರೆ. ಏಮಿ ಮಾಡಾದು ಸಾರ್, ನಂಗೆ ತಲೆ ಓಡ್ತಿಲ್ಲ," ಎಂದಳು ಅನುಷಾ.

ಆ ಎರಡು ದೇಶಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಾರ್ಟಿಯ ಹೆಸರನ್ನು ಸ್ವಂತ ಡೈರಿಯಲ್ಲಿ ಬರೆಯಬಾರದೆಂಬುದು ಗುಮಾಸ್ತ ಧರ್ಮ. ಕರೆದುಕೊಂಡು ಹೋದ ದೇಶ, ಹಿಡಿದುಕೊಂಡ ದೇಶ, ಇಷ್ಟು ಸಾಕು.

ನನಗಾದದ್ದು ಆಘಾತ. ಅದರ ಅಡಿಯಲ್ಲಿ, ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ, ಒಂದು ಸಣ್ಣ ಹೆಮ್ಮೆಯೂ ಇತ್ತು. ಆ ಬೆನ್ನು, ಆ ಕಣ್ಣು, ಆ ಮೊತ್ತ, ಎಲ್ಲ ನನ್ನ ಪಾಠ. ಸಾಕ್ಷಿ ಕಟ್ಟೆ ಹತ್ತುವ ಮೊದಲು ಪ್ರತಿ ಗಾಯಾಳುವಿಗೂ ಹೇಳುತ್ತೇನೆ: "ಸಂಬಳ ಎಷ್ಟೆಂದು ಕೇಳಿದರೆ ಬರೋದರ ಮೂರರಷ್ಟು ಹೇಳು. ವಿಮೆಯವರು ಒಂದು ಪಾಲು ಕಡಿಯುತ್ತಾರೆ, ಕೋರ್ಟು ಒಂದು ಪಾಲು ಕಡಿಯುತ್ತದೆ, ಉಳಿಯೋದೇ ನಿನ್ನ ನಿಜ." ಅವತ್ತು ಹನ್ನೊಂದು ಸಾವಿರದ ಭೀಮರಾಜು ಮೂವತ್ತಮೂರು ಎಂದಿದ್ದ. ಬೆದರಲಿಲ್ಲ. ಸಮುದ್ರದಾಚೆ, ಶತ್ರುವಿನ ಮುಂದೆಯೂ ಬೆದರಿಲ್ಲ!

ಹಿಡಿದುಕೊಂಡ ದೇಶ ಅವನಿಗೊಬ್ಬ ವಕೀಲೆಯನ್ನು ನೇಮಿಸಿದೆಯಂತೆ. ಆಕೆಯ ಇಮೇಲನ್ನು ಅನುಷಾ ಪ್ರಿಂಟ್ ತೆಗೆಸಿ ತಂದಿದ್ದಾಳೆ. ಹೇಗೆ ಹೋದ, ಏನು ಕೆಲಸ, ಎಷ್ಟು ಸಂಬಳ, ಮನೆಯವರು ಪ್ರಮಾಣ ಮಾಡಿ ಐದು ದಿನದಲ್ಲಿ ತಿಳಿಸಬೇಕು. ಜೊತೆಗೆ ನಾಲ್ಕು ಪುಟದ ಲಗತ್ತು. ಲಗತ್ತು ಓದುವುದು ವಕೀಲರ ಕೆಲಸ. ನಮ್ಮ ವಕೀಲರಾದ ವರಲಕ್ಷ್ಮಿ ಮೇಡಂ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಾರೆ. ಫೋನ್ ಎತ್ತುತ್ತಿಲ್ಲ.

ನಾನಿದ್ದೇನಲ್ಲ.

ಸೆಪ್ಟೆಂಬರ್ 10, ಬುಧವಾರ

ಅಫಿಡವಿಟ್ ಮುಗಿಯಿತು. ಆರು ಪುಟ, ಇಂಗ್ಲಿಷ್. ನನ್ನ ಬದುಕಿನ ಶ್ರೇಷ್ಠ ಕೃತಿ.

ಸಾಮಾನ್ಯ ಗುಮಾಸ್ತನಾಗಿದ್ದರೆ "ಜೆಸಿಬಿ ಚಾಲಕ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಬರೀ ಚಾಲಕನ ಮೇಲೆ ಯಾವ ಕೋರ್ಟಿಗೆ ಕನಿಕರ? ನಾನು ಬರೆದೆ: ಯುದ್ಧದ ಕಂದಕ ತೋಡುವುದಕ್ಕೆಂದೇ ಭಾರತದಿಂದ ವಿಶೇಷವಾಗಿ ಆರಿಸಿ ಕರೆಸಿಕೊಂಡ ಮಹಾ ನುರಿತ ಕೆಲಸಗಾರ. ಗುಂಡಿನ ಮಳೆಯ ನಡುವೆ ಮುಂಚೂಣಿಯಲ್ಲಿ ಎದೆಯೊಡ್ಡಿ ದುಡಿದವನು. ಸೇನೆಯ ಯಾವ ಅಧಿಕಾರಿಗೂ ಅಧೀನನಲ್ಲದ ಸ್ವತಂತ್ರ ಪರಿಣತ. ಸಂಬಳವೋ, ಅಲ್ಲಿಯ ಸೈನಿಕರಿಗಿಂತ ಮೂರು ಪಟ್ಟು, ತಿಂಗಳಿಗೆ ಮೂರು ಲಕ್ಷ.

"ನಿಜವಾಗಿ ಎಷ್ಟಮ್ಮಾ?" ಎಂದು ಅನುಷಾಳನ್ನು ಕೇಳಿದ್ದೆ, ಸುಮ್ಮನೆ ತಿಳಿದಿರಲಿ ಎಂದು.

"ತೊಂಬತ್ತು ಸಾವ್ರ ಸಾರ್. ಒಂದೇ ತಿಂಗ್ಳು ಬ್ಯಾಂಕಿಗೆ ಬಂತು. ವಿಡಿಯೋದಾಗೆ ಯಾಕೆ ಮೂರು ಲಕ್ಷ ಅಂದ್ನೋ."

"ಅವನು ಬುದ್ಧಿವಂತ. ಗಂಡನ ಮಾತಿಗೆ ಹೆಂಡತಿ ಎದುರು ಹೇಳಬಾರದು, ಕೇಸು ಬಿದ್ದುಹೋಗ್ತದೆ."

"ಇಷ್ಟ್ ದೊಡ್ಡ ಸಂಬ್ಳ ಹೇಳಿದ್ರೆ ಬಿಡ್ತಾರಾ ಸಾರ್?"

"ಬೆಲೆ ಬಾಳೋ ಮನುಷ್ಯ ಅಂತ ಗೊತ್ತಾದರೆ ತಾನೇ ಜೋಪಾನ ಮಾಡೋದು?"

ತಲೆಯಾಡಿಸಿದಳು. ನೋಟರಿಯ ಮುಂದೆ ಆರೂ ಪುಟಕ್ಕೆ ಸಹಿ ಹಾಕಿದಳು. ಓದಲಿಲ್ಲ, ಓದಿದ್ದರೂ ಅಷ್ಟು ಇಂಗ್ಲಿಷು ಅವಳಿಗೆ ಬರುವುದಿಲ್ಲ. ಸ್ಕ್ಯಾನ್ ಮಾಡಿ ಕಳಿಸಿಬಿಟ್ಟೆ. ಮೇಡಂ ಬಂದು ನೋಡಿದರೆ ಬೆರಗಾಗಬೇಕು.

ಸೆಪ್ಟೆಂಬರ್ 12, ಶುಕ್ರವಾರ

ವಿಡಿಯೋವನ್ನು ಹನ್ನೊಂದು ಗುಂಪುಗಳಿಗೆ ಕಳಿಸಿದೆ. "ನಮ್ಮ ಕಕ್ಷಿದಾರ" ಎಂಬ ಒಕ್ಕಣೆಯೊಂದಿಗೆ. ಸಿರಾದ ಕೋರ್ಟಿನ ಬೈಲಪ್ಪ "ಮೂರು ಲಕ್ಷವಾ! ನಮಗೂ ಒಂದು ವೀಸಾ ಕೊಡಿಸಿ" ಎಂದು ನಗುವ ಮುಖಗಳನ್ನು ಕಳಿಸಿದ. ಕೊರಟಗೆರೆಯವರು ಸಂತಾಪವನ್ನೂ ಅಭಿನಂದನೆಯನ್ನೂ ಒಂದೇ ಸಾಲಿನಲ್ಲಿ ಕಳಿಸಿದರು. ಟೀ ಅಂಗಡಿಯಲ್ಲಿ ಸಾವಿರ ಜನ ನನ್ನನ್ನು ಸುತ್ತಿಕೊಂಡರು. ಐನೂರಾದರೂ ಇದ್ದಿರಬೇಕು. ಹದಿನಾರು.

ಸೆಪ್ಟೆಂಬರ್ 22, ಸೋಮವಾರ

ಮೇಡಂ ಬಂದರು. ಅಫಿಡವಿಟ್ಟಿನ ಪ್ರತಿ ಓದಿದರು. ಇನ್ನೊಮ್ಮೆ ಓದಿದರು. ಲಗತ್ತು ಓದಿದರು. ಶಭಾಷ್ ಕೇಳಲು ನಾನು ಕುರ್ಚಿಯ ತುದಿಗೆ ಬಂದಿದ್ದೆ.

"ನಾಗಲಿಂಗಯ್ಯನವರೇ, ಬಾಡಿಗೆ ಸೈನಿಕ ಅಂದ್ರೆ ಯಾರು ಗೊತ್ತಾ?"

"ಬಾಡಿಗೆ ಟ್ಯಾಕ್ಸಿ ಗೊತ್ತು ಮೇಡಂ."

ನಗಲಿಲ್ಲ. "ಯುದ್ಧದಲ್ಲಿ ಸಿಕ್ಕಿಬಿದ್ದ ಸೈನಿಕ ಯುದ್ಧಕೈದಿ. ಹೋರಾಡಿದ್ದಕ್ಕೇ ಅವನಿಗೆ ಶಿಕ್ಷೆ ಕೊಡೋ ಹಾಗಿಲ್ಲ. ಹೊಡೆಯೋ ಹಾಗಿಲ್ಲ. ಯುದ್ಧ ಮುಗಿದ ಮೇಲೆ ಮನೆಗೆ ಕಳಿಸ್ಬೇಕು. ಆದರೆ ದುಡ್ಡಿಗಾಗಿ ಬಂದ ಬಾಡಿಗೆ ಸೈನಿಕನಿಗೆ ಆ ರಕ್ಷಣೆ ಇಲ್ಲ, ಅವನು ಬರೀ ಅಪರಾಧಿ. ಭೀಮರಾಜು ಮೇಲೆ ಅವರು ಹೊರಿಸಿರೋದೇ ಅದು. ಸಾಬೀತಾದರೆ ಹದಿನೈದು ವರ್ಷ ಜೈಲು. ಲಗತ್ತಿನ ಮೊದಲನೇ ಪುಟದಲ್ಲೇ ಇದೆ."

ಯುದ್ಧಕ್ಕೆ ಕಾನೂನಿದೆ ಎಂಬುದೇ ನನಗೆ ಹೊಸ ಸುದ್ದಿ. ಕೊಲ್ಲುವುದಕ್ಕೆ ಹೊರಟವರು ನಿಯಮ ಬರೆದುಕೊಂಡಿದ್ದಾರೆ, ದೇಶದೇಶಗಳೇ ಸಹಿ ಹಾಕಿವೆ, ಪುಸ್ತಕ ಮೇಡಂ ಬೀರುವಿನಲ್ಲೇ ಇದೆ. ನಾನು ಇಪ್ಪತ್ತಾರು ವರ್ಷ ಆ ಬೀರುವಿನ ಧೂಳು ಹೊಡೆದಿದ್ದೇನೆ.

"ಬಾಡಿಗೆ ಸೈನಿಕ ಅನ್ನೋದಕ್ಕೆ ಆರು ಷರತ್ತು. ಆರೂ ಒಟ್ಟಿಗೆ ಸೇರಬೇಕು. ಒಂದು ತಪ್ಪಿದರೂ ಅವನು ಬಾಡಿಗೆಯವನಲ್ಲ," ಎಂದು ಓದತೊಡಗಿದರು. "ಹೋರಾಟಕ್ಕೆಂದೇ ವಿಶೇಷವಾಗಿ ನೇಮಿಸಿಕೊಂಡಿರಬೇಕು."

ನನ್ನ ಎರಡನೇ ಪ್ಯಾರಾ.

"ಹೋರಾಟದಲ್ಲಿ ನೇರವಾಗಿ ಪಾಲ್ಗೊಂಡಿರಬೇಕು."

ಮೂರನೇ ಪ್ಯಾರಾ. ಗುಂಡಿನ ಮಳೆ.

"ಆ ದೇಶದ ಸೇನೆಯ ಸದಸ್ಯನಾಗಿರಬಾರದು."

ನಾಲ್ಕು. ಸ್ವತಂತ್ರ ಪರಿಣತ.

"ಲಾಭಕ್ಕಾಗಿಯೇ ಬಂದಿರಬೇಕು. ಅದೇ ದರ್ಜೆಯ ಸೈನಿಕರಿಗಿಂತ ತೀರಾ ಹೆಚ್ಚು ಸಂಬಳ ಗೊತ್ತಾಗಿರಬೇಕು."

ಐದು. ಮೂರು ಲಕ್ಷ. ಉಳಿದೆರಡು, ಆ ದೇಶದವನಾಗಿರಬಾರದು, ತನ್ನ ಸರ್ಕಾರ ಕಳಿಸಿದವನಾಗಿರಬಾರದು; ಅವಕ್ಕೆ ನನ್ನ ಸಹಾಯ ಬೇಕಿರಲಿಲ್ಲ. ಕಾನೂನಿನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬನನ್ನು ಜೈಲಿಗೆ ಹಾಕಲೆಂದೇ ಬರೆದಿದ್ದರೂ ಇಷ್ಟು ಚೊಕ್ಕವಾಗಿ ಬರೆಯಲಾಗುತ್ತಿರಲಿಲ್ಲ.

"ವಿಡಿಯೋ ಎಲ್ಲರ ಮೊಬೈಲಲ್ಲೂ ಇದೆಯಲ್ಲ, ಯಾರು ಕಳಿಸಿದ್ದು?" ಎಂದರು ಮೇಡಂ. "ಕೈದಿಯನ್ನ ಜನರ ಕುತೂಹಲಕ್ಕೆ ಒಡ್ಡಬಾರದು ಅಂತ ಇದೇ ಒಪ್ಪಂದಗಳಲ್ಲಿ ಇದೆ. ಅವನನ್ನ ಕೂರಿಸಿ ಚಿತ್ರ ತೆಗೆದವರು ತಪ್ಪು ಮಾಡಿದರು ಅಂತ ನಾವು ವಾದಿಸ್ಬೇಕು. ನೀವು ಅವರ ಜೊತೆ ಸೇರ್ಕೊಂಡ್ರಲ್ಲ."

ಹನ್ನೊಂದು ಗುಂಪುಗಳಲ್ಲೂ ಅಳಿಸಲು ಹೋದೆ. ಹತ್ತು ದಿನ ಕಳೆದದ್ದು ಅಳಿಸಲಾಗುವುದಿಲ್ಲವಂತೆ.

ಸೆಪ್ಟೆಂಬರ್ 23, ಮಂಗಳವಾರ

ಊಟ ಸೇರಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬಸ್ಸು ಹತ್ತಿದೆ. ಪಾವಗಡದಲ್ಲಿ ಇಳಿದು ವೈ.ಎನ್.ಹೊಸಕೋಟೆಯ ಬಸ್ಸಿಗೆ ನಲವತ್ತು ನಿಮಿಷ ಕಾದೆ. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಕಕ್ಷಿದಾರನ ಮನೆಗೂ ನಾನಾಗಿ ಹೋದವನಲ್ಲ.

ಭೀಮರಾಜುವಿನ ತಾಯಿ ದಾಸಮ್ಮ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. "ಬಾ ಸ್ವಾಮಿ, ನನ್ ಮಗನ್ ಬಿಡ್ಸೋ ದೊರೆ ನೀನೇಯಾ?" ಎಂದು ಚಾಪೆ ಹಾಸಿದರು. ಒಂದು ಹಿಡಿ ಕಾಳು ಅಂಗೈಗೆ ಸುರಿದರು. ಆ ಕಾಳು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ.

ಅನುಷಾಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವಳ ದನಿ ಏರಿತು.

"ಅಂದ್ರೆ ನಾನೇ ಸೈನ್ ಆಕಿ ನನ್ ಗಂಡುನ್ನ ಜೈಲಿಗೆ ಆಕ್ದಂಗಾಯ್ತಾ? ತೊಂಬತ್ತು ಅಂತ ನಾ ಬಾಯ್ಬಿಟ್ಟು ಹೇಳ್ಲಿಲ್ವಾ ಸಾರ್? ಕಿವಿಯಾಗೇನು ಅರಳೆ ಇಟ್ಕಂಡಿದ್ರಾ?"

"ಅವನೇ ವಿಡಿಯೋದಲ್ಲಿ..."

"ಅವ್ನಿಗೆ ಕಲ್ಸಿದ್ಯಾರು? ಆವತ್ತು ಕೋರ್ಟಿಂದ ಬಂದು ರಾತ್ರಿಯೆಲ್ಲ ಹೇಳ್ಕಂಡು ಕುಣಿದ ಸಾರ್ ಅವ್ನು. 'ಸಂಬ್ಳ ಜಾಸ್ತಿ ಹೇಳಿದ್ರೇನೇ ಕಣೇ ನಮ್ಮಂತೋರ ಮೂಳೆಗೆ ಮರ್ವಾದೆ' ಅಂತ."

ದಾಸಮ್ಮ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದರು.  

ಹೊರಡುವ ಮುಂಚೆ ಅನುಷಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಅಲ್ಲಿ ಅವನಿಂದ ಸಹಿ ಮಾಡಿಸಿಕೊಂಡ ಕಾಗದ; ಯಾವ ಭಾಷೆಯೋ, ಕೆಳಗೆ ಮೊಹರು. "ಇದೇನಾದ್ರೂ ಉಪ್ಯೋಗಕ್ಕೆ ಬರ್ತದಾ? ಆವತ್ತೇ ತೋರ್ಸಾಕೋದೆ. ಬ್ಯಾಡ ಬುಡು ಅಂದ್ಬುಟ್ರಿ."

ಅಂದಿದ್ದೆ.

ಅಕ್ಟೋಬರ್ 6, ಸೋಮವಾರ

ಆ ಕಾಗದ ಸೇನೆಯ ಕರಾರು ಎಂದು ಅಲ್ಲಿಯ ವಕೀಲೆ ಬರೆದಿದ್ದಾರೆ. ಅಲ್ಲಿಯ ಸಾಮಾನ್ಯ ಸೈನಿಕರೂ ಸಹಿ ಹಾಕುವ ಅಚ್ಚಿನ ನಮೂನೆ, ಅವರದೇ ಸಂಬಳ, ತೊಂಬತ್ತು ಸಾವಿರದಷ್ಟು. ಆರು ಷರತ್ತುಗಳಲ್ಲಿ ಎರಡು, ಸೇನೆಯವನಲ್ಲ ಎಂಬುದು, ಹೆಚ್ಚು ಸಂಬಳ ಎಂಬುದು, ಇದೊಂದರಿಂದಲೇ ಬಿದ್ದುಹೋಗಬೇಕಿತ್ತು. ಬಿದ್ದಿಲ್ಲ. ಅಲ್ಲಿಯ ಸರ್ಕಾರಿ ವಕೀಲ ಕೇಳುತ್ತಿದ್ದಾನಂತೆ: ಕರಾರಿನಲ್ಲಿ ತೊಂಬತ್ತು, ಅವನ ಬಾಯಲ್ಲಿ ಮೂರು ಲಕ್ಷ, ಹೆಂಡತಿಯ ಪ್ರಮಾಣದಲ್ಲಿ ಮೂರು ಲಕ್ಷ, ಉಳಿದ ಹಣ ಗುಟ್ಟಾಗಿ ಕೊಟ್ಟವರು ಯಾರು, ಈ ಕರಾರೇ ಬರೀ ತೋರಿಕೆಯದಲ್ಲವೇ?

"ದಾರಿ ಒಂದೇ," ಎಂದರು ಮೇಡಂ. "ಆ ಮೊತ್ತ ಎಲ್ಲಿಂದ ಬಂತು ಅಂತ ನೀವು ಪ್ರಮಾಣ ಮಾಡಿ ಹೇಳ್ಬೇಕು."

ಹೇಳಿದರೆ ಇಲ್ಲಿಯ ವಿಮೆಯವರ ಕಿವಿಗೆ ಬೀಳದೆ ಇರುವುದಿಲ್ಲ. ನನ್ನ ಅರ್ಜಿಗಳೆಲ್ಲದರ ಕೆಳಗಿರುವ ಸಹಿ ಮೇಡಂ ಅವರದು.

ಅನುಷಾಳಿಗೂ ಫೋನ್ ಮಾಡಿ ಹೇಳಿದೆವು, ಆಕ್ಸಿಡೆಂಟಿನ ಪರಿಹಾರ ವಾಪಸು ಕೇಳಬಹುದೆಂದು. "ಆ ದುಡ್ನಾಗೆ ಮನೆಗೆ ತಾರ್ಸಿ ಆಕ್ಸಿದ್ವಿ. ಬೇಕಾದ್ರೆ ತಾರ್ಸಿ ಕಿತ್ಕಂಡೋಗ್ಲಿ. ನೀವು ಬರೀರಿ," ಎಂದಳು.

ಮೇಡಂ ಕೂಡ "ಬರೀರಿ" ಎಂದರು.

ಒಂದೂವರೆ ಪುಟ ಆಯಿತು. ಒಂದೂವರೆ ಪುಟಕ್ಕೆ ಇಡೀ ದಿನ.

ಅಕ್ಟೋಬರ್ 27, ಸೋಮವಾರ

ಕಟ್ಟಡದ ಕೆಲಸದಲ್ಲಿ ಕಂಬ ಬಿದ್ದು ಕಾಲು ಮುರಿದ ಒಬ್ಬರು ಬಂದಿದ್ದರು. ಹೆಸರು ಕದಿರಯ್ಯ. ಕೊಳಾಲದವರು. ಅದು ನಮ್ಮ ತರಹದ ಕೇಸಲ್ಲ ಎಂದು ಕಾರ್ಮಿಕ ಇಲಾಖೆಯ ವಿಳಾಸ ಬರೆದುಕೊಟ್ಟೆ. ಮೂವರು ಮಕ್ಕಳಂತೆ. ಬೇರೇನೂ ನಡೆಯಲಿಲ್ಲ.

ನವೆಂಬರ್ 19, ಬುಧವಾರ

ಮಧ್ಯಾಹ್ನ ಎರಡೂವರೆಗೆ ಮೇಡಂ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಅನುಷಾ, ದಾಸಮ್ಮ ಕಾನೂನು ಪುಸ್ತಕಗಳ ಬೀರುವಿಗೆ ಒರಗಿ ನೆಲದ ಮೇಲೆ ಕೂತರು, ಕುರ್ಚಿ ಕೊಟ್ಟರೂ ಬೇಡವೆಂದರು. ಪರದೆಯ ಒಂದು ಚೌಕದಲ್ಲಿ ಮೂವರು ನ್ಯಾಯಾಧೀಶರು, ಒಂದರಲ್ಲಿ ಅಲ್ಲಿಯ ಸರ್ಕಾರಿ ವಕೀಲ, ಒಂದರಲ್ಲಿ ಅನುವಾದಕ್ಕೆ ಕೂತ ಹಾವೇರಿ ಕಡೆಯ ಹುಡುಗಿ, ಅಲ್ಲೇ ಡಾಕ್ಟರಿಕೆ ಓದುತ್ತಿದ್ದಾಳಂತೆ. ಕೊನೆಯ ಚೌಕದಲ್ಲಿ ಭೀಮರಾಜು. ಗಲ್ಲ ಒಳಗೆ ಹೋಗಿದೆ. ಎಡಭುಜ ಸ್ವಲ್ಪ ಕೆಳಗಿದೆ. ಮೊದಲಿನಿಂದಲೂ ಹಾಗೇ ಇತ್ತೋ ಏನೋ, ಆಗ ನಾನು ನೋಡಿರಲಿಲ್ಲ.

ದಾಸಮ್ಮ "ಲೇ ಮಗಾ" ಎಂದರು. ಮೇಡಂ ಸನ್ನೆ ಮಾಡಿ ಸುಮ್ಮನಿರಿಸಿದರು.

ಸಾವಿರಾರು ಸಾಕ್ಷಿಗಳನ್ನು ತಯಾರು ಮಾಡಿ ಕಟ್ಟೆ ಹತ್ತಿಸಿದವನು ನಾನು. ನನ್ನನ್ನು ಯಾರೂ ತಯಾರು ಮಾಡಿರಲಿಲ್ಲ. ಬಾಯಿ ಒಣಗುತ್ತದೆ ಎಂಬುದೇ ಗೊತ್ತಿರಲಿಲ್ಲ.

ಸರ್ಕಾರಿ ವಕೀಲ ಕೇಳಿದ: "ಹೀಗೆ ಎಷ್ಟು ಜನರಿಗೆ ಸುಳ್ಳು ಹೇಳಿಕೊಟ್ಟಿದ್ದೀರಿ?"

"ನಾನೂರಕ್ಕೆ ಕಮ್ಮಿ ಇಲ್ಲ."

"ನಾನೂರು ಸುಳ್ಳು ಹೇಳಿಸಿದವರನ್ನು ಇವತ್ತು ಯಾಕೆ ನಂಬಬೇಕು?"

"ನನ್ನನ್ನ ನಂಬಬೇಡಿ ಸ್ವಾಮಿ," ಎಂದೆ. "ಅವನನ್ನೇ ಕೇಳಿ."

ಕೇಳಿದರು. ಸಂಬಳ ಎಷ್ಟು?

ಭೀಮರಾಜು ನ್ಯಾಯಾಧೀಶರನ್ನು ನೋಡಲಿಲ್ಲ. ಪರದೆಯಲ್ಲಿ ನನ್ನನ್ನು ಹುಡುಕಿದ. ಯಾಕೆಂದು ನನಗೆ ಗೊತ್ತು. ಮಧುಗಿರಿ ಕೋರ್ಟಿನಲ್ಲಿ ಸಾಕ್ಷಿಗೆ ಗೊಂದಲವಾದರೆ ಬಾಗಿಲ ಬಳಿ ನಿಂತ ನನ್ನನ್ನು ನೋಡಬೇಕು. ನಾನು ಕನ್ನಡಕ ತೆಗೆದರೆ ದೊಡ್ಡ ಮೊತ್ತ ಹೇಳಬೇಕು. ಬೆವರಿಗೆ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅವನು ಕಾದ. ಆಮೇಲೆ ಕನ್ನಡದಲ್ಲಿ, ನೇರವಾಗಿ ನನಗೇ, "ಸಾರ್, ಎಷ್ಟನ್ಲಿ?" ಎಂದ.

ಆ ಹಾವೇರಿ ಹುಡುಗಿ ಅದನ್ನೂ ಅನುವಾದ ಮಾಡಿಬಿಟ್ಟಳು. ಅವಳ ಕೆಲಸ ಅದು. ಮೇಡಂ ಕಣ್ಣು ಮುಚ್ಚಿಕೊಂಡರು. ನಡುವಿನ ನ್ಯಾಯಾಧೀಶರು ನನ್ನ ಕಡೆ ಕೈಯೆತ್ತಿ, ಮಾತಾಡಕೂಡದು ಎಂದರು.

ಬೀರುವಿನ ಬಳಿಯಿಂದ ಅನುಷಾಳ ಉಸಿರು ಕೇಳುತ್ತಿತ್ತು.

"ತೊಂಬತ್ತು ಸಾವ್ರ," ಎಂದ ಭೀಮರಾಜು. "ಒಂದೇ ತಿಂಗ್ಳು ಕೊಟ್ರು."

"ಮತ್ತೆ ವಿಡಿಯೋದಲ್ಲಿ ಮೂರು ಲಕ್ಷ ಎಂದು ಸುಳ್ಳು ಯಾಕೆ ಹೇಳಿದೆ?"

ಅವನ ಮುಖದಲ್ಲಿ ನಿಜವಾದ ಆಶ್ಚರ್ಯ ಕಂಡಿತು. "ಸುಳ್ಳಾ? ಇಲ್ಲ ಸಾರ್. ದೊಡ್ಡೋರ ಮುಂದೆ ಸಂಬ್ಳ ಅಂಗೇ ಹೇಳಾದು ಅನ್ಕಂಡಿದ್ದೆ. ಅದು ಸುಳ್ಳು ಅಂತ ನಂಗ್ಯಾರೂ ಹೇಳಿರ್ಲಿಲ್ಲ."

ಹುಡುಗಿ ಇದನ್ನು ಅನುವಾದಿಸಲು ಸ್ವಲ್ಪ ತಡವರಿಸಿದಳು. ಒಬ್ಬ ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. ಪರದೆ ಕಪ್ಪಾಯಿತು.

ಅನುಷಾ ಹೋಗುವಾಗ ನನ್ನ ಮುಖ ನೋಡಲಿಲ್ಲ. ದಾಸಮ್ಮ ನೋಡಿದರು.

ಡಿಸೆಂಬರ್ 4, ಗುರುವಾರ

ಹನ್ನೊಂದು ಗಂಟೆಗೆ ಇಮೇಲ್ ಬಂತು. ಮೇಡಂ ಮೂರು ಸಲ ಓದಿದರು. ಬಾಡಿಗೆ ಸೈನಿಕನಲ್ಲ, ಯುದ್ಧಕೈದಿ. ಜೈಲುವಾಸದ ಮಾತಿಲ್ಲ. ಕೈದಿಗಳ ವಿನಿಮಯವಾದಾಗ ಅಥವಾ ಯುದ್ಧ ಮುಗಿದಾಗ ಕಳಿಸುತ್ತಾರೆ. ಯಾವಾಗ ಎಂಬುದು ಅದರಲ್ಲಿ ಇಲ್ಲ.

ಅನುಷಾಳಿಗೆ ಫೋನ್ ಮಾಡಿದೆ.

"ಕೈದಿ ಅಂತ ಬರ್ದವ್ರಾ ಸಾರ್? ನಿಜಂಗಾ? ಅತ್ತೇ, ಕೈದಿ ಅಂತೆ! ಕೈದಿ ಅಂತ ಒಪ್ಕಂಡ್ರಂತೆ!"

ಆ ಕಡೆ ಅಕ್ಕಪಕ್ಕದವರೆಲ್ಲ ಸೇರಿದ ಸದ್ದು. ಯಾರೋ ಒಬ್ಬಳು "ಒಳ್ಳೇದಾಯ್ತು ಬುಡಮ್ಮ, ಕೈದಿಯಾದ್ನಲ್ಲ, ಸಾಕು" ಎಂದಳು. ಗಂಡ ಕೈದಿಯಾದನೆಂದು ಒಂದು ಬೀದಿ ಸಂತೋಷಪಟ್ಟದ್ದನ್ನು ಕಿವಿಯಾರೆ ಕೇಳಿದೆ.

ಮಧ್ಯಾಹ್ನದ ಬಸ್ಸಿಗೆ ಅವಳೇ ಮಧುಗಿರಿಗೆ ಬಂದಳು. ಕೈದಿಗೆ ಮನೆಯವರು ರೆಡ್ ಕ್ರಾಸ್ ಮೂಲಕ ಒಂದು ಹಾಳೆ ಬರೆಯಬಹುದು. ಮನೆಯ ಸುದ್ದಿ ಮಾತ್ರ ಇರಬೇಕು, ಲಕೋಟೆ ಅಂಟಿಸಬಾರದು, ತಪಾಸಣೆ ಮಾಡುವವರಿಗೆ ಓದಲು ಬರುವ ಭಾಷೆಯಲ್ಲಿದ್ದರೆ ಬೇಗ ತಲುಪುತ್ತದೆ. ಮೇಡಂ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಪೆನ್ನು ತೆಗೆದುಕೊಂಡೆ.

ಅನುಷಾ ಇವತ್ತು ಕುರ್ಚಿಯ ಮೇಲೆ ಕೂತಳು. ಪೆನ್ನನ್ನೂ ನನ್ನ ಮುಖವನ್ನೂ ನೋಡಿದಳು.

"ಸಾರ್, ನಾ ಎಷ್ಟು ಹೇಳ್ತೀನೋ ಅಷ್ಟೇ ಬರೀಬೇಕು."

"ಆಗಲಿ."

"ಅಮ್ಮ ಚೆನ್ನಾಗವ್ಳೆ. ಎಮ್ಮೆ ಕರು ಆಕೈತೆ, ಹೆಣ್ಗರು. ನಾನು ಚೆನ್ನಾಗಿಲ್ಲ. ಬೇಗ ಬಾ."

ನಾಲ್ಕು ಸಾಲು. ಬರೆದು, ಮತ್ತೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಇಂಗ್ಲಿಷಿನ ಒಂದೊಂದು ಪದದ ಮೇಲೂ ಬೆರಳಿಟ್ಟು, ಇದೇನು, ಇದೇನು ಎಂದು ಕೇಳಿ, ಕೊನೆಗೆ ಸಹಿ ಹಾಕಿದಳು.